ಅಪ್ಪ ಅಮ್ಮನ್ನ ಕರ್ಕೊಂಡು ಫ್ರಾಂಕೋನಿಯಾ ನಾಚ್ ನೋಡೋದು ಹೇಗೆ: ಮನೆ ಬಿಡೋದ್ರಿಂದ ವಾಪಸ್ ಬರೋವರೆಗೆ

ಬಾಸ್ಟನ್ ಕಡೆ ಇರೋ ನಮ್ಮವರ ಮನೆಗಳಿಗೆ ಮೇ ತಿಂಗಳು ಬಂತು ಅಂದ್ರೆ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರೋಕೆ ಶುರು. ಮೊದಲು ಜೆಟ್ ಲ್ಯಾಗು, ಆಮೇಲೆ ದೇವಸ್ಥಾನ, ಹಾರ್ವರ್ಡು, ನಯಾಗರ ಎಲ್ಲ ಮುಗಿದ್ಮೇಲೆ "ಇನ್ನೆಲ್ಲಿಗೆ ಕರ್ಕೊಂಡು ಹೋಗೋದು" ಅಂತ ಗೆಳೆಯರು ಕೇಳ್ತಾರೆ, ನಾನು ಪ್ರತಿ ಸಲ ಒಂದೇ ಜಾಗ ಹೇಳ್ತೀನಿ: ನ್ಯೂ ಹ್ಯಾಂಪ್‌ಶೈರಿನ ಫ್ರಾಂಕೋನಿಯಾ ನಾಚ್ ಸ್ಟೇಟ್ ಪಾರ್ಕ್. ನಾಚ್ ಅಂದ್ರೆ ಎರಡು ಬೆಟ್ಟಸಾಲಿನ ನಡುವಿನ ಕಣಿವೆ ದಾರಿ, ಒಂದು ಕಡೆ ಕಿನ್ಸ್‌ಮನ್ ಸಾಲು, ಇನ್ನೊಂದು ಕಡೆ ಫ್ರಾಂಕೋನಿಯಾ ಸಾಲು, ಮಧ್ಯ ರಸ್ತೆ, ರಸ್ತೆ ಪಕ್ಕ ಹೊಳೆ. ಘಾಟಿ ನೋಡಿ ಬೆಳೆದವರಿಗೆ ಇದು ಬೇಗ ಮನಸ್ಸಿಗೆ ಹತ್ತಿರ ಆಗತ್ತೆ, ನಮ್ಮಮ್ಮ ಅಲ್ಲಿ ಕಾರಿಳಿದ ತಕ್ಷಣ "ಇದು ಚಾರ್ಮಾಡಿ ತರಾನೇ ತಂಪಿದೆಯಲ್ಲೋ" ಅಂದಿದ್ರು.

ಒಂದು ಮಾತು ಮೊದಲೇ ಹೇಳ್ತೀನಿ. ಈ ಪಾರ್ಕ್ ನೋಡೋ ಗುಟ್ಟಿರೋದು ಎಷ್ಟು ಜಾಗ ಮುಗಿಸಿದ್ವಿ ಅನ್ನೋದ್ರಲ್ಲಿ ಅಲ್ಲ, ಕಾರಲ್ಲಿ ಯಾರಿದ್ದಾರೆ ಅಂತ ನೋಡ್ಕೊಂಡು ಜಾಗ ಆರಿಸೋದ್ರಲ್ಲಿ. ಎಪ್ಪತ್ತು ದಾಟಿದವರು, ಐದು ವರ್ಷದ ಮಗು, ಟ್ರೆಕ್ ಹುಚ್ಚಿನ ತಮ್ಮ, ಎಲ್ರಿಗೂ ಇಲ್ಲಿ ಜಾಗ ಇದೆ, ಆದ್ರೆ ಎಲ್ರಿಗೂ ಒಂದೇ ಜಾಗ ಆಗಲ್ಲ.

ಯಾವ ತಿಂಗಳು

ಜೂನ್ ಕೊನೆಯಿಂದ ಅಕ್ಟೋಬರ್ ಎರಡನೇ ವಾರದವರೆಗೆ ಒಳ್ಳೇ ಕಾಲ. ಮೇ ಮಧ್ಯದಿಂದ ಜೂನ್ ಮುಗಿಯೋವರೆಗೂ ಬ್ಲ್ಯಾಕ್ ಫ್ಲೈ ಅಂತ ಸಣ್ಣ ಕರಿ ನೊಣದ ಕಾಟ ಇರತ್ತೆ, ಕಿವಿ ಹಿಂದೆ, ಕೂದಲ ಅಂಚಲ್ಲಿ ಕಚ್ಚಿ ರಕ್ತ ಬರ್ಸತ್ತೆ, ಆಗ ಹೋಗ್ಲೇಬೇಕು ಅಂದ್ರೆ ತಲೆಗೆ ಹಾಕೋ ಬಲೆ ತಗೊಂಡು ಹೋಗಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಎಲೆ ಬಣ್ಣ ತಿರುಗತ್ತೆ, ಮೇಪಲ್ ಕೆಂಪು, ಬರ್ಚ್ ಹಳದಿ, ನಡುವೆ ಹಸಿರು ಬಿಡದ ಸ್ಪ್ರೂಸು. ಅದೇ ವಾರ ಜನವೂ ಜಾಸ್ತಿ. ಕೊಲಂಬಸ್ ಡೇ ಲಾಂಗ್ ವೀಕೆಂಡಲ್ಲಿ ನಾವು ಒಂದು ಸಲ ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟಿದ್ವಿ, ಲಿಂಕನ್ ಊರಿಗಿಂತ ಮುಂಚೆನೇ ಕಾರುಗಳ ಸಾಲು ನಿಂತಿತ್ತು, ಒಂದೂವರೆಗೆ ಪಾರ್ಕಿನ ಫ್ಲೂಮ್ ಗಾರ್ಜ್ ಅನ್ನೋ ಕಲ್ಲಿನ ಕೊರಕಲು ಮುಟ್ಟಿದ್ರೆ ಪಾರ್ಕಿಂಗ್ ಫುಲ್, ಅಪ್ಪ ಹಿಂದಿನ ಸೀಟಲ್ಲೇ ಮೊಸರನ್ನ ತಿಂದು ಮಲಗಿಬಿಟ್ರು, ಆ ದಿನ ನಾವು ನೋಡಿದ್ದು ಕಾರಿನ ಕಿಟಕಿಯಿಂದ ಕಂಡಷ್ಟೇ. ಬಣ್ಣ ನೋಡೋ ಆಸೆ ಇದ್ರೆ ದಯವಿಟ್ಟು ಒಂದು ದಿನ ರಜಾ ಹಾಕಿ ಮಂಗಳವಾರನೋ ಬುಧವಾರನೋ ಹೋಗಿ.

ಹೊರಡೋ ಹಿಂದಿನ ದಿನ

ಮೊದಲ್ನೇದು ಫ್ಲೂಮ್ ಗಾರ್ಜ್ ಟಿಕೆಟ್. ಪಾರ್ಕಿನ ಬೇರೆ ಬಹಳಷ್ಟು ಜಾಗ ಫ್ರೀ, ಇದಕ್ಕೆ ದೊಡ್ಡವರಿಗೆ 20 ಡಾಲರ್ ಆಸುಪಾಸು ಆಗತ್ತೆ, ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ದುಡ್ಡಿಲ್ಲ. ಆನ್‌ಲೈನಲ್ಲಿ ಟೈಮ್ ಸ್ಲಾಟ್ ನೋಡ್ಕೊಂಡು ತಗೊಂಡ್ರೆ ಕೌಂಟರಿಗಿಂತ ಸ್ವಲ್ಪ ಕಮ್ಮಿ, ಜೊತೆಗೆ ಜಾಗ ಗ್ಯಾರಂಟಿ. ಆದಷ್ಟು ಬೆಳಗಿನ ಮೊದಲ ಸ್ಲಾಟ್ ಹಿಡೀರಿ. ಮೇ ತಿಂಗಳಿಂದ ಅಕ್ಟೋಬರ್ ಕೊನೆವರೆಗೆ ಮಾತ್ರ ಇದು ಓಪನ್ನು, ನಾಯಿ ಒಳಗೆ ಬಿಡಲ್ಲ, ಸ್ಟ್ರೋಲರ್ ತಗೊಂಡು ಹೋದ್ರೆ ಮೆಟ್ಟಿಲಲ್ಲಿ ನೀವೇ ಅದನ್ನ ಹೊರ್ಬೇಕು, ಮಗುವನ್ನ ಬೆನ್ನಿಗೆ ಕಟ್ಕೊಳ್ಳೋ ಕ್ಯಾರಿಯರ್ ವಾಸಿ.

ಎರಡನೇದು ಫೋನಲ್ಲಿ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳೋದು, ಕಣಿವೆ ಒಳಗೆ ಸಿಗ್ನಲ್ ನಂಬೋ ಹಾಗಿಲ್ಲ. ಎರಡು ಕಾರಲ್ಲಿ ಹೋಗ್ತಿದ್ರೆ ಎಲ್ಲಿ ಸೇರೋದು, ಎಷ್ಟು ಗಂಟೆಗೆ ಅಂತ ಮನೇಲೇ ಮಾತಾಡ್ಕೊಳ್ಳಿ.

ಮೂರನೇದು ಬಟ್ಟೆ. ಊರಿಂದ ಬಂದವರು ಜುಲೈ ಅಂದ್ರೆ ಸೆಕೆ ಅಂತ ತೆಳ್ಳಗೆ ಹಾಕ್ಕೊಂಡು ಹೊರಡ್ತಾರೆ, ಫ್ಲೂಮ್ ಒಳಗೆ ನೀರಿನ ಹನಿ ಮೈಮೇಲೆ ಬೀಳತ್ತೆ, ನೆರಳಲ್ಲಿ ನಡುಕ ಬರತ್ತೆ, ಎಲ್ರಿಗೂ ಒಂದೊಂದು ಸ್ವೆಟರ್ ಮತ್ತೆ ಮಳೆ ಜಾಕೆಟ್ ಇರ್ಲಿ. ಸೀರೆ ಉಟ್ಟು ಬರೋ ಅಮ್ಮಂದಿರಿಗೂ ಕಾಲಿಗೆ ಮಾತ್ರ ಹಿಡಿತ ಇರೋ ಶೂನೇ ಹಾಕ್ಸಿ, ಚಪ್ಪಲಿ ಬೇಡ, ಹಲಗೆ ದಾರಿ ಒದ್ದೆ ಇರತ್ತೆ. ಮಂಡಿ ನೋವಿದ್ರೆ ಟ್ರೆಕ್ಕಿಂಗ್ ಪೋಲ್ ಒಂದು ಜೊತೆ. ಮೊದಲು ಅಮ್ಮ "ನಂಗ್ಯಾಕೆ ಕೋಲು" ಅಂದ್ರು, ಇಳಿಯುವಾಗ ಅವರೇ ಕೈಚಾಚಿ ಕೇಳಿ ಇಸ್ಕೊಂಡ್ರು.

ಊಟದ ವಿಷಯ. ನಾವು ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಕೊಂಡು ಹೋಗ್ತೀವಿ, ಫ್ಲಾಸ್ಕಲ್ಲಿ ಕಾಫಿ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗೋದು ಪಿಜ್ಜಾ, ಫ್ರೈಸು ಅಷ್ಟೇ ಅಂದ್ಕೊಂಡು ತಯಾರಾಗಿ, ಮರೆತು ಹೋದ್ರೆ ಲಿಂಕನ್ ಊರಲ್ಲಿ ಸೂಪರ್ ಮಾರ್ಕೆಟ್ ಇದೆ. ಇದು ಕರಡಿ ಓಡಾಡೋ ಕಾಡು, ತಿಂಡಿ ಡಬ್ಬಿ ಟೇಬಲ್ ಮೇಲೆ ಬಿಟ್ಟು ಫೋಟೋಗೆ ಓಡ್ಬೇಡಿ. ತಂದ ಕವರ್, ಪೇಪರ್ ಪ್ಲೇಟು, ಬಾಳೆಹಣ್ಣಿನ ಸಿಪ್ಪೆ ಸಮೇತ ವಾಪಸ್ ಮನೆಗೆ.

ದಾರಿ

ಬಾಸ್ಟನ್‌ನಿಂದ ಐ-93 ಹಿಡಿದು ಸೀದಾ ಉತ್ತರಕ್ಕೆ, ಎರಡೂಕಾಲು, ಎರಡೂವರೆ ಗಂಟೆ. ಹುಕ್ಸೆಟ್ಟಲ್ಲಿ ಟೋಲ್ ಇದೆ. ಆರು ಗಂಟೆಗೆ ಕಾರು ಗೇಟ್ ದಾಟಿರ್ಬೇಕು, ವಯಸ್ಸಾದವರಿಗೆ ಒಂದು ರೆಸ್ಟ್ ಏರಿಯಾ ಸ್ಟಾಪ್ ಸೇರಿಸಿದ್ರೂ ಒಂಬತ್ತರ ಒಳಗೆ ಅಲ್ಲಿರ್ತೀರ. ಪೆಟ್ರೋಲು ಲಿಂಕನ್‌ಗಿಂತ ಮುಂಚೆ ಅಥವಾ ಲಿಂಕನ್ನಲ್ಲೇ ತುಂಬಿಸ್ಕೊಳ್ಳಿ, ಕಣಿವೆ ಒಳಗೆ ಬಂಕ್ ಇಲ್ಲ.

ಲಿಂಕನ್ ದಾಟಿದ್ಮೇಲೆ ಅಷ್ಟು ದೊಡ್ಡ ಇಂಟರ್‌ಸ್ಟೇಟು ಇದ್ದಕ್ಕಿದ್ದಂಗೆ ಹೋಗೋಕೆ ಒಂದು ಲೇನು ಬರೋಕೆ ಒಂದು ಲೇನು ಆಗ್ಬಿಡತ್ತೆ, ಸ್ಪೀಡ್ 45 ಮೈಲಿಗೆ ಇಳೀಬೇಕು. ಹಿಂದೆ ಬರೋರಿಗೆ ಸಿಟ್ಟು ಬರತ್ತೆ, ಆದ್ರೆ ಇದು ಬೇಕಂತಲೇ ಹೀಗಿರೋದು. ನಾಲ್ಕು ಲೇನ್ ಹೆದ್ದಾರಿ ಮಾಡಿದ್ರೆ ಕಣಿವೆ ಹಾಳಾಗತ್ತೆ, ಸಿಡಿಮದ್ದಿನ ನಡುಕಕ್ಕೆ ಬೆಟ್ಟದ ಮೇಲೆ ಮುದುಕನ ಥರ ಕಾಣ್ತಿದ್ದ ಕಲ್ಲಿನ ಮುಖ ಬೀಳತ್ತೆ ಅಂತ ಜನ ವರ್ಷಗಟ್ಟಲೆ ಹೋರಾಡಿ ಈ ಸಣ್ಣ ರಸ್ತೆ ಉಳಿಸ್ಕೊಂಡ್ರು. ಅದಕ್ಕೇ ಇಲ್ಲಿ ನಿಧಾನ ಹೋಗೋದ್ರಲ್ಲಿ ನಂಗೆ ಬೇಜಾರಿಲ್ಲ. ದಾರೀಲಿ ಮೂಸ್ (ಭಾರೀ ದೊಡ್ಡ ಜಿಂಕೆ ಜಾತಿ) ಇದೆ ಹುಷಾರು ಅನ್ನೋ ಬೋರ್ಡುಗಳು ಕಾಣ್ತವೆ, ಕತ್ತಲಲ್ಲಿ ವಾಪಸ್ ಬರುವಾಗ ಅದನ್ನ ನಿಜವಾಗ್ಲೂ ನೆನಪಿಟ್ಕೊಳ್ಳಿ, ಮೂಸ್ ಕಾಲು ಎಷ್ಟು ಉದ್ದ ಅಂದ್ರೆ ಕಾರು ಗುದ್ದಿದ್ರೆ ಮೈ ಭಾರ ಎಲ್ಲಾ ವಿಂಡ್‌ಶೀಲ್ಡ್ ಮೇಲೇ ಬರತ್ತೆ.

ಎಕ್ಸಿಟ್‌ಗಳು ಸುಲಭ. ದಕ್ಷಿಣದಿಂದ ಹೋದ್ರೆ ಮೊದಲು 34ಎ ಫ್ಲೂಮ್, ಆಮೇಲೆ ಬೇಸಿನ್, ಆಮೇಲೆ ಲಫಾಯೆಟ್ ಪ್ಲೇಸ್, ಆಮೇಲೆ 34ಬಿ ಕಲ್ಲಿನ ಮುಖ ಇದ್ದ ಜಾಗ, ಕೊನೆಗೆ 34ಸಿ ಎಕೋ ಲೇಕ್. ಇದೇ ಕ್ರಮದಲ್ಲಿ ನೋಡ್ಕೊಂಡು ಹೋಗಿ. ರಸ್ತೆ ಪಕ್ಕ ಮಾತ್ರ ಕಾರು ನಿಲ್ಲಿಸ್ಬೇಡಿ, ಎಷ್ಟೇ ಜನ ನಿಲ್ಲಿಸಿರ್ಲಿ, ಟಿಕೆಟ್ ಹಾಕ್ತಾರೆ, ಎಳ್ಕೊಂಡೂ ಹೋಗ್ತಾರೆ.

ಫ್ಲೂಮ್ ಗಾರ್ಜ್

ಇಲ್ಲಿಗೆ ಎರಡು ಗಂಟೆ ಇಟ್ಕೊಳ್ಳಿ, ಅವಸರ ಬೇಡ. ವಿಸಿಟರ್ ಸೆಂಟರಲ್ಲಿ ಎಲ್ರೂ ಟಾಯ್ಲೆಟ್ಟಿಗೆ ಹೋಗಿ ಬರ್ಲಿ, ನೀರಿನ ಬಾಟಲ್ ತುಂಬಿಸ್ಕೊಳ್ಳಿ, ಆಮೇಲೆ ಸುಮಾರು ಎರಡು ಮೈಲಿಯ ಸುತ್ತು, ಏರಿಳಿತ, ಮೆಟ್ಟಿಲು ಸಾಕಷ್ಟಿದೆ. ಮೊದಲು ಪೆಮಿಜೆವಾಸೆಟ್ ನದಿ ಮೇಲಿನ ಕೆಂಪು ಮುಚ್ಚು ಸೇತುವೆ, 1886ರದ್ದು, ಮನೆ ಥರ ಸೂರಿರೋ ಸೇತುವೆ ಯಾಕೆ ಅಂತ ಅಪ್ಪ ಕೇಳಿದ್ರು, ಮಳೆ ಹಿಮಕ್ಕೆ ಮರದ ತೊಲೆ ಕೊಳೀಬಾರ್ದು ಅಂತ. ಆಮೇಲೆ ಟೇಬಲ್ ರಾಕ್ ಅನ್ನೋ ಉದ್ದದ ಹಾಸುಬಂಡೆ ಮೇಲೆ ನೀರು ಜಾರ್ಕೊಂಡು ಬರೋದು ಕಾಣತ್ತೆ, ಅಲ್ಲಿಂದ ಮುಂದೆ ಅಸಲಿ ಗಾರ್ಜ್.

ಎರಡು ಪಕ್ಕ 70ರಿಂದ 90 ಅಡಿ ಗ್ರಾನೈಟ್ ಗೋಡೆ, ನಡುವೆ ಬರೀ 12ರಿಂದ 20 ಅಡಿ ಅಂತರ, 800 ಅಡಿ ಉದ್ದ, ಆ ಸಂದಿನೊಳಗೆ ಗೋಡೆಗೆ ಅಂಟಿಸಿದ ಹಲಗೆ ದಾರಿ, ಕೆಳಗೆ ಹಳ್ಳ ಹಾರ್ಕೊಂಡು ಬರ್ತಿರತ್ತೆ. ಇದು ಹೇಗಾಯ್ತು ಅಂತ ತಿಳ್ಕೊಂಡು ನೋಡಿದ್ರೆ ಇನ್ನೂ ಚೆನ್ನ: ಸುಮಾರು 20 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ತಣ್ಣಗಾದ ಗ್ರಾನೈಟು, ಅದು ನೆಟ್ಟಗೆ ಸೀಳಿದ ಬಿರುಕುಗಳಿಗೆ ಕಪ್ಪು ಬಸಾಲ್ಟ್ ಉಕ್ಕಿ ತುಂಬ್ಕೊಳ್ತು, ಆಮೇಲೆ ಮೇಲಿನ ಮಣ್ಣು ಕಲ್ಲೆಲ್ಲ ಸವೆದು ಹಳ್ಳದ ನೀರು ಹರಿದಾಗ ಬಸಾಲ್ಟ್ ಬೇಗ ಕೊರೆದು ಹೋಯ್ತು, ಗ್ರಾನೈಟು ನಿಂತ್ಕೊಳ್ತು. ನೀವು ನಡೀತಿರೋದು ಆ ಕರಿಕಲ್ಲು ಖಾಲಿ ಮಾಡಿಟ್ಟ ಜಾಗದಲ್ಲಿ.

ಇದನ್ನ 1808ರಲ್ಲಿ ಮೊದಲು ಕಂಡದ್ದು ಜೆಸ್ ಗರ್ನ್ಸಿ ಅನ್ನೋ ಅಜ್ಜಿ, ಮೀನು ಹಿಡಿಯೋಕೆ ಹೋದಾಗ ಕಂಡ್ರಂತೆ, ಆಗ ಅವರ ವಯಸ್ಸು 93 ಅಂತ ಪಾರ್ಕಿನವರು ಹೇಳ್ತಾರೆ. ಈ ಕತೆ ಮೆಟ್ಟಿಲು ಶುರುವಾಗೋ ಮುಂಚೆ ಅಮ್ಮನಿಗೆ ಹೇಳಿದ್ದೆ, ಮಧ್ಯ ಎಲ್ಲೂ ಸಾಕು ಅನ್ಲಿಲ್ಲ ಅವರು. ಗೋಡೆಗಳ ನಡುವೆ ಹಿಂದೆ ಒಂದು ದೊಡ್ಡ ಗುಂಡು ಕಲ್ಲು ಸಿಕ್ಕಾಕ್ಕೊಂಡು ನೇತಾಡ್ತಿತ್ತು, 1883ರ ಮಳೆ ಅದನ್ನ ಕೊಚ್ಚಿಕೊಂಡು ಹೋಗಿ ಕಣಿವೆಯನ್ನ ಇನ್ನೂ ಆಳ ಮಾಡ್ತು, ಮೇಲ್ಗಡೆ ಕಾಣೋ 45 ಅಡಿಯ ಅವಲಾಂಚ್ ಫಾಲ್ಸ್ ಹುಟ್ಟಿದ್ದು ಆಗ್ಲೇ.

ಗಾರ್ಜ್ ಮುಗಿದ ತಕ್ಷಣ ಜನ ಓಡೋಕೆ ಶುರು ಮಾಡ್ತಾರೆ, ನೀವು ಓಡ್ಬೇಡಿ. ಆಮೇಲಿನ ಕಾಡು ದಾರೀಲಿ ಪೂಲ್ ಅನ್ನೋ 40 ಅಡಿ ಆಳದ ಮಡು ಇದೆ, ಅದರ ಮೇಲೆ ಸೆಂಟಿನೆಲ್ ಪೈನ್ ಸೇತುವೆ, 1938ರ ಚಂಡಮಾರುತಕ್ಕೆ ಬಿದ್ದ ದೈತ್ಯ ಪೈನ್ ಮರವನ್ನೇ ಅಡಿಗೆ ತೊಲೆ ಮಾಡಿ ಮರುವರ್ಷ ಕಟ್ಟಿದ್ದು, ಬಗ್ಗಿ ನೋಡಿದ್ರೆ ಆ ಮರ ಕಾಣತ್ತೆ. ವುಲ್ಫ್ಸ್ ಡೆನ್ ಅಂತ ಒಂದು ಬಂಡೆ ಸಂದು ಇದೆ, ತೆವಳಿಕೊಂಡು ಹೋಗ್ಬೇಕು, ಮಕ್ಕಳನ್ನ ಬಿಡಿ, ಸೊಂಟ ನೋವಿರೋರು ಪಕ್ಕದ ದಾರಿ ಹಿಡೀಲಿ.

ಬೇಸಿನ್

ನಡೆಯೋಕೇ ಆಗದ ಹಿರಿಯರಿದ್ರೆ ಫ್ಲೂಮ್ ಬಿಟ್ಟು ಇಲ್ಲಿಗೇ ಬನ್ನಿ. ಪಾರ್ಕಿಂಗಿಂದ ಐದು ನಿಮಿಷ, ದುಡ್ಡಿಲ್ಲ. ಹೊಳೆ ನೀರು ಮರಳು, ಕಲ್ಲು ಸುತ್ತಿಸಿ ಸುತ್ತಿಸಿ ಬಂಡೇಲಿ ಸುಮಾರು 30 ಅಡಿ ಅಗಲದ ಬೋಗುಣಿ ಕೊರೆದಿದೆ, ಬಾಣಲೆ ತೊಳೆದಿಟ್ಟ ಹಾಗೆ ನಯ. ನೀರು ಹಸಿರು, ತಳ ಕಾಣತ್ತೆ. ಇಳಿದು ಸ್ನಾನ ಮಾಡೋ ಆಸೆ ಆಗತ್ತೆ, ಬೇಡ, ಇಳಿಯೋ ಹಾಗಿಲ್ಲ, ಬಂಡೆ ಪಾಚಿ ಬೇರೆ. ಅಪ್ಪ ಅಲ್ಲಿ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ರು, ಬುತ್ತಿ ಬಿಚ್ಚೋಕೂ ನಂಗೆ ಇದೇ ಇಷ್ಟದ ಹೊತ್ತು, ಆದ್ರೆ ಪಿಕ್‌ನಿಕ್ ಟೇಬಲ್ ಇರೋ ಕಡೆ ಕೂತು ತಿನ್ನಿ, ನೀರಿನ ಅಂಚಲ್ಲಿ ಬೇಡ.

ಇಲ್ಲದೇ ಇರೋ ಮುಖ

ನ್ಯೂ ಹ್ಯಾಂಪ್‌ಶೈರ್ ಒಳಗೆ ಬಂದಾಗಿಂದ ರಾಜ್ಯದ ರಸ್ತೆ ನಂಬರ್ ಬೋರ್ಡುಗಳಲ್ಲಿ ಒಂದು ಮುದುಕನ ಪಕ್ಕಮುಖ ಕಾಣ್ತಾ ಇರತ್ತೆ, ಅಪ್ಪ ಯಾರದು ಅಂತ ಕೇಳ್ತಾನೇ ಇದ್ರು. ಅದು ಓಲ್ಡ್ ಮ್ಯಾನ್ ಆಫ್ ದಿ ಮೌಂಟನ್, ಕ್ಯಾನನ್ ಬೆಟ್ಟದ ಬಂಡೆಯಲ್ಲಿ ಪ್ರೊಫೈಲ್ ಲೇಕಿಂದ 1,200 ಅಡಿ ಮೇಲೆ ಐದು ಕಲ್ಲಿನ ಚಾಚು ಸೇರಿ ಆಗಿದ್ದ 40 ಅಡಿಯ ಮುಖ. ಕಬ್ಬಿಣದ ಸರಳು ಹಾಕಿ, ಬಿರುಕಿಗೆ ಮುಚ್ಚಳ ಹಾಕಿ ದಶಕಗಟ್ಟಲೆ ಜೋಪಾನ ಮಾಡಿದ್ರು, ಆದ್ರೂ 2003ರ ಮೇ 3ರ ನಸುಕಲ್ಲಿ ಬಿದ್ದುಹೋಯ್ತು. ಜನ ಕೆಳಗೆ ಹೂವು ತಂದಿಟ್ಟು ಅತ್ರಂತೆ.

34ಬಿಯಲ್ಲಿ ಇಳಿದು ಕೆರೆ ಪಕ್ಕದ ಪ್ರೊಫೈಲ್ ಪ್ಲಾಜಾಗೆ ನಡೀರಿ, ದಾರಿ ಸಮತಟ್ಟು. ಅಲ್ಲಿ ಉಕ್ಕಿನ ಕಂಬಗಳಿವೆ, ನೆಲದಲ್ಲಿ ಹೆಜ್ಜೆ ಗುರುತಿದೆ, ನಿಮ್ಮ ಎತ್ತರದ ಗುರುತಿನ ಮೇಲೆ ನಿಂತು ಕಂಬದ ಅಂಚನ್ನ ಬಂಡೆಗೆ ಸರಿಯಾಗಿ ಹೊಂದಿಸಿ ನೋಡಿದ್ರೆ ಕಂಬದ ಉಬ್ಬುಗಳು ಸೇರಿ ಆ ಮುಖ ಮತ್ತೆ ಬಂಡೆ ಮೇಲೆ ಕೂರತ್ತೆ. ಒಂದು ಕಣ್ಣು ಮುಚ್ಕೊಂಡು ನೋಡಿ.

ಅಪ್ಪನಿಗೆ ಅಲ್ಲೇ ಹೇಳಿದ ಇನ್ನೊಂದು ವಿಷಯ. ಈ ಕಣಿವೆ ಒಂದು ಹೋಟೆಲಿನವರ ಸ್ವತ್ತಾಗಿತ್ತು, 1923ರಲ್ಲಿ ಹೋಟೆಲ್ ಸುಟ್ಟುಹೋಯ್ತು, ಅವರು ಕಾಡು ಮಾರೋಕೆ ಹೊರಟ್ರು, ಮರ ಕಡಿಯೋರ ಪಾಲಾಗೋದ್ರಲ್ಲಿತ್ತು. ಬೇಕಾಗಿದ್ದು 4 ಲಕ್ಷ ಡಾಲರು. ರಾಜ್ಯ ಸರ್ಕಾರ 2 ಲಕ್ಷ ಕೊಡ್ತು, ಜೇಮ್ಸ್ ಸ್ಟಾರೋ ಅನ್ನೋರ ಕಡೆಯಿಂದ 1 ಲಕ್ಷ ಬಂತು, ಉಳಿದ 1 ಲಕ್ಷವನ್ನ ಅರಣ್ಯ ರಕ್ಷಣಾ ಸಂಘದವರು, ಮಹಿಳಾ ಕ್ಲಬ್ಬಿನವರು "ಒಂದು ಡಾಲರಿಗೆ ಒಂದು ಮರ ಉಳಿಸಿ" ಅಂತ ಮನೆಮನೆ ಎತ್ತಿ ಸೇರಿಸಿದ್ರು, 1928ರ ಸೆಪ್ಟೆಂಬರಲ್ಲಿ ಇದು ಜನರದ್ದಾಯ್ತು. ಕುದುರೆಮುಖ ಗಣಿ ವಿರುದ್ಧ ಹೋರಾಟ ನಡೆದ ಕಾಲ ಕಣ್ಣಾರೆ ನೋಡಿದ ಅಪ್ಪನಿಗೆ ಇದನ್ನ ಬಿಡಿಸಿ ಹೇಳೋದು ಬೇಕಾಗ್ಲಿಲ್ಲ.

ಒಂದು ಎಚ್ಚರಿಕೆ: ಹಳೇ ವಿಡಿಯೋಗಳಲ್ಲಿ ಕ್ಯಾನನ್ ಬೆಟ್ಟದ ಮೇಲೆ ಕೇಬಲ್ ಕಾರಲ್ಲಿ ಹೋಗೋದು ತೋರಿಸ್ತಾರೆ. 1980ರ ಆ ಟ್ರಾಮ್‌ವೇಯನ್ನ 2025ರ ಅಕ್ಟೋಬರ್ ಕೊನೆಗೆ ನಿಲ್ಲಿಸಿಬಿಟ್ರು, ಅದನ್ನ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ.

ಎಕೋ ಲೇಕ್, ಆರ್ಟಿಸ್ಟ್ಸ್ ಬ್ಲಫ್

ಮಧ್ಯಾಹ್ನಕ್ಕೆ ಇದು ಸರಿ. ಮಕ್ಕಳು ನೀರಾಡ್ಲಿ, ಹಿರಿಯರು ಮರಳಲ್ಲಿ ಕೂರ್ಲಿ, ಕಾಯಕ್ ಬಾಡಿಗೆಗೂ ಸಿಗತ್ತೆ. ಆರ್ಟಿಸ್ಟ್ಸ್ ಬ್ಲಫ್ ಎದುರಿಗೇ ಇರೋ ಸಣ್ಣ ಗುಡ್ಡ, ಹತ್ತೋದು ಸ್ವಲ್ಪನೇ ಆದ್ರೂ ಕಲ್ಲು ಮೆಟ್ಟಿಲು ಕಡಿದಾಗಿದೆ, ಮೇಲಿಂದ ಕೆರೆ, ಕಣಿವೆ ರಸ್ತೆ, ಕ್ಯಾನನ್ ಬೆಟ್ಟ ಒಟ್ಟಿಗೆ ಕಾಣತ್ತೆ. ಕಾರನ್ನ ಕ್ಯಾನನ್ ಸ್ಕೀ ಜಾಗದ ಪೀಬಾಡಿ ಲಾಟಲ್ಲಿ ಹಾಕಿ. ಬಾಲ್ಡ್ ಮೌಂಟನ್ ಸೇರಿಸಿ ಸುತ್ತು ಹೊಡೆದ್ರೆ ಒಂದೂವರೆ ಮೈಲಿ.

ನಿಜವಾಗ್ಲೂ ಬೆಟ್ಟ ಹತ್ತಬೇಕು ಅನ್ನೋರಿಗೆ

ಇದಕ್ಕೆ ಬೇರೆ ದಿನ ಇಟ್ಕೊಳ್ಳಿ. ಮೊದಲ ಸಲದೋರಿಗೆ ಲೋನ್ಸಮ್ ಲೇಕ್, ಲಫಾಯೆಟ್ ಪ್ಲೇಸ್ ಕ್ಯಾಂಪ್‌ಗ್ರೌಂಡ್ ಕಡೆಯಿಂದ ಸುಮಾರು 1.2 ಮೈಲಿ ಏರು, ಸುಮಾರು ಸಾವಿರ ಅಡಿ, ಮೇಲೆ ಕೆರೆ, ಕೆರೆ ಆಚೆ ಫ್ರಾಂಕೋನಿಯಾ ಸಾಲು ಪೂರ್ತಿ. ಹತ್ತು ವರ್ಷದ ಮಕ್ಕಳು ಆರಾಮಾಗಿ ಹೋಗ್ತಾರೆ.

ಫ್ರಾಂಕೋನಿಯಾ ರಿಜ್ ಲೂಪ್, ಅಂದ್ರೆ ಬೆಟ್ಟಸಾಲಿನ ಬೆನ್ನ ಮೇಲಿನ ಸುತ್ತು ದಾರಿ, ಬೇರೆ ಮಾತು. 8.9 ಮೈಲಿ, 3,800 ಅಡಿಗಿಂತ ಹೆಚ್ಚು ಏರು, ಏಳರಿಂದ ಒಂಬತ್ತು ಗಂಟೆ. ನಮ್ಮ ಹುಡುಗರು ಇಲ್ಲಿ ಎತ್ತರ ನೋಡಿ ಮೋಸ ಹೋಗ್ತಾರೆ: ಲಫಾಯೆಟ್ ಶಿಖರ ಬರೀ 5,249 ಅಡಿ, ಕುಮಾರ ಪರ್ವತನೇ 5,600 ಅಡಿ ಇದೆ, ನಾವು ಹತ್ತಿಲ್ವಾ ಅಂತಾರೆ. ಕುಮಾರ ಪರ್ವತ ಇರೋದು ಸಮಭಾಜಕದ ಹತ್ರ, ಇದು 44 ಡಿಗ್ರಿ ಉತ್ತರಕ್ಕೆ, ಇಲ್ಲಿ ನಾಲ್ಕೂವರೆ ಸಾವಿರ ಅಡಿ ಆಸುಪಾಸಿಗೇ ಮರ ಮುಗಿದು ಹೋಗತ್ತೆ. ಲಿಟಲ್ ಹೇಸ್ಟ್ಯಾಕ್ ಶಿಖರದಿಂದ ಲಿಂಕನ್ ಶಿಖರ (ಊರಲ್ಲ), ಅಲ್ಲಿಂದ ಲಫಾಯೆಟ್, 1.7 ಮೈಲಿ ಪೂರ್ತಿ ಬೋಳು ಬೆನ್ನು, ಗಾಳಿ ಎದ್ರೆ, ಮಿಂಚು ಬಂದ್ರೆ ಅಡಗೋಕೆ ಜಾಗ ಇಲ್ಲ. ಕೆಳಗೆ ಟೀ ಶರ್ಟಲ್ಲಿ ಹೊರಟ ದಿನ ಮೇಲೆ ಹತ್ತು ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ, ಗಾಳಿ ಬೇರೆ.

ಹಾಗಾಗಿ ಮೌಂಟ್ ವಾಷಿಂಗ್ಟನ್ ಅಬ್ಸರ್ವೇಟರಿಯವರು ಶಿಖರಗಳಿಗೇ ಅಂತ ಕೊಡೋ ಹವಾಮಾನ ವರದಿ ಓದಿ, ಊರಿನ ವರದಿ ಸಾಲಲ್ಲ. ಕಾಟನ್ ಬಟ್ಟೆ ಬೇಡ, ಒದ್ದೆ ಆದ್ರೆ ಆರಲ್ಲ. ಹೆಡ್‌ಲ್ಯಾಂಪ್, ತಲಾ ಮೂರು ಲೀಟರ್ ನೀರು, ಬೆಚ್ಚನೆ ಜಾಕೆಟ್, ಟೋಪಿ ಜುಲೈಯಲ್ಲೂ ಬೇಕು. ಫಾಲಿಂಗ್ ವಾಟರ್ಸ್ ದಾರೀಲಿ ಹತ್ತಿ, ಓಲ್ಡ್ ಬ್ರೈಡಲ್ ಪಾತ್ ಮೇಲೆ ಇಳೀರಿ, ಉಲ್ಟಾ ಮಾಡ್ಬೇಡಿ, ಜಲಪಾತಗಳ ಪಕ್ಕದ ಒದ್ದೆ ಬಂಡೆ ಹತ್ತೋಕೆ ಸರಿ, ಸುಸ್ತಾದ ಕಾಲಲ್ಲಿ ಇಳಿಯೋಕಲ್ಲ. ಇಳಿಯುವಾಗ ಗ್ರೀನ್‌ಲೀಫ್ ಹಟ್ ಸಿಗತ್ತೆ, ಕುಮಾರ ಪರ್ವತಕ್ಕೆ ಹೋದವರಿಗೆ ಭಟ್ಟರ ಮನೆ ಕಂಡಾಗ ಆಗೋ ಸಮಾಧಾನವೇ ಇಲ್ಲೂ ಆಗತ್ತೆ, ಸೀಸನ್ನಲ್ಲಿ ನೀರು, ಬಿಸಿ ಸೂಪು ಸಿಗತ್ತೆ. ಮೇಲೆ ಕಲ್ಲು ಸಾಲಿನ ಒಳಗೇ ನಡೀರಿ, ನೆಲಕ್ಕೆ ಅಂಟಿಕೊಂಡಿರೋ ಆ ಸಣ್ಣ ಗಿಡಗಳು ಒಂದು ಸಲ ತುಳಿದ್ರೆ ಚೇತರಿಸ್ಕೊಳ್ಳೋಕೆ ಎಷ್ಟೋ ವರ್ಷ ಬೇಕು.

ಮೋಡ ಕವಿದ್ರೆ ಲಿಟಲ್ ಹೇಸ್ಟ್ಯಾಕಲ್ಲೇ, ಮರದ ಸಾಲಿನ ಅಂಚಲ್ಲೇ ವಾಪಸ್ ತಿರುಗಿ. ನಾನು ಎರಡು ಸಲ ತಿರುಗಿದ್ದೀನಿ, ಮೂರನೇ ಸಲ ಲಫಾಯೆಟ್ ಮೇಲೆ ಆಕಾಶ ಶುಭ್ರ ಇತ್ತು. ಅಜಾಗರೂಕತೆಯಿಂದ ಸಿಕ್ಕಾಕ್ಕೊಂಡವರಿಗೆ ರಕ್ಷಣಾ ಖರ್ಚಿನ ಬಿಲ್ ಕಳಿಸೋ ಕಾನೂನು ಈ ರಾಜ್ಯದಲ್ಲಿದೆ, ಅಂಥ ಬಿಲ್ಲಿಂದ ಕಾಪಾಡೋ ಹೈಕ್ ಸೇಫ್ ಕಾರ್ಡ್ ಅಂತ ಒಬ್ಬರಿಗೆ 25, ಕುಟುಂಬಕ್ಕೆ 35 ಡಾಲರಿಗೆ ಸಿಗತ್ತೆ, ನಾನು ಪ್ರತಿ ವರ್ಷ ತಗೋತೀನಿ, ಆ ದುಡ್ಡು ಹುಡುಕಿ ಇಳಿಸ್ಕೊಂಡು ಬರೋ ತಂಡಗಳಿಗೆ ಹೋಗತ್ತೆ. ನವೆಂಬರಿಂದ ಮೇ ವರೆಗೆ ಹಿಮದ ಅನುಭವ, ಸಲಕರಣೆ ಎರಡೂ ಇಲ್ದೆ ಈ ರಿಜ್ ಕಡೆ ಹೋಗ್ಲೇಬೇಡಿ, ಅಲ್ಲಿ ಜೀವ ಹೋಗಿದೆ.

ವಾಪಸ್

ಭಾನುವಾರ ಆದ್ರೆ ಮೂರು ಗಂಟೆ ಒಳಗೆ ಹೊರಡಿ, ಆಮೇಲೆ ಐ-93 ದಕ್ಷಿಣಕ್ಕೆ ಕಾಂಕರ್ಡ್, ಹುಕ್ಸೆಟ್ ಹತ್ರ ನಿಂತು ನಿಂತು ಹೋಗತ್ತೆ. ರಾತ್ರಿ ಉಳಿಯೋದಾದ್ರೆ ಲಿಂಕನ್, ನಾರ್ತ್ ವುಡ್‌ಸ್ಟಾಕ್ ಕಡೆ ರೂಮು, ಟೆಂಟ್ ಇಷ್ಟ ಅನ್ನೋರಿಗೆ ಲಫಾಯೆಟ್ ಪ್ಲೇಸಲ್ಲಿ 97 ಜಾಗ, ಎರಡೂ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡ್ಬೇಕು. ಮನೆಗೆ ಬಂದ್ಮೇಲೆ ಮಕ್ಕಳ ಮೊಣಕಾಲು ಹಿಂದೆ, ಕಿವಿ ಹಿಂದೆ, ಸೊಂಟದ ಸುತ್ತ ಉಣ್ಣೆ ಹುಳ ಕಚ್ಚಿದೆಯಾ ಅಂತ ನೋಡಿ, ಬಟ್ಟೆ ಡ್ರೈಯರಿಗೆ ಹಾಕಿ. ಲಿಂಕನ್ನಿಂದಲೇ ಶುರುವಾಗೋ ಕ್ಯಾಂಕಮಾಗಸ್ ಹೈವೇನೂ ಅದೇ ದಿನ ಮುಗಿಸೋಣ ಅಂತ ಯಾರಾದ್ರೂ ಕಾರಲ್ಲಿ ಹೇಳೇ ಹೇಳ್ತಾರೆ, 34.5 ಮೈಲಿ ಅದು, ಅದಕ್ಕೆ ಇನ್ನೊಂದು ಶನಿವಾರ ಇಡಿ.